ಹಾಳು ಬರೆದವನ ಹೆಂಡತಿ

ಓದುಗರೆಲ್ಲರಿಗೂ ನಮಸ್ಕಾರ. ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗೈಯನ್ನು ಹಣೆಗೆ ಅಡ್ಡ ಹಿಡಿದು, ಗದ್ದ ಮೇಲೆತ್ತಿ ರಸ್ತೆಯ ಆಚೆ ಬದಿಯಿಂದ ನೋಡುತ್ತಿದ್ದಳು ನನ್ನ ಹೆಂಡತಿ. ನಾನು ಬರೆದ ಬೋರ್ಡನ್ನೆಲ್ಲ ಹಾಗೇ ಓದುತ್ತಿದ್ದಳು. ಅವಳು ತಲೆಯಾಡಿಸುವ ತನಕ ನಾನು ಏಣಿ ಇಳಿಯುತ್ತಿರಲಿಲ್ಲ.

ನಾನು ಕನಕಪುರದಲ್ಲಿ ಬೋರ್ಡ್ ಬರೆಯುವ ಆರ್ಟಿಸ್ಟ್. ಚಿಕ್ಕಂದಿನಲ್ಲೇ ಸ್ಕೂಲು ಬಿಟ್ಟವನು. ಅಕ್ಷರವನ್ನು ಚಿತ್ರದ ಹಾಗೆ ನೋಡಿಕೊಂಡು ಬರೆಯುತ್ತಿದ್ದೆ. ಸಾತನೂರಿನ ಕಡೆ ಒಂದು ಡೈರಿ ಗೋಡೆಗೆ ಬರೆಯುತ್ತಿದ್ದಾಗ, ಹಾಲು ಹಾಕಲು ಬಂದ ಹುಡುಗಿಯೊಬ್ಬಳು ಗಟ್ಟಿಯಾಗಿ ಓದಿದಳು: "ಹಾಳು ಉತ್ಪಾದಕರ ಸಂಘ!"

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅವಳು ಅಷ್ಟಕ್ಕೇ ಬಿಡಲಿಲ್ಲ.

"ಏನ್ರೀ ಆರ್ಟಿಸ್ಟೂ, ನಾವ್ ಹಾಲು ಹಾಕಾಕೆ ಬಂದಿರೋದು, ಊರ್ ಹಾಳ್ ಮಾಡಾಕಲ್ಲ."

"ಒಂದಕ್ಷರಕ್ಕೆ ಇಷ್ಟೊಂದಾ?" ಎಂದೆ, ಸಿಟ್ಟಿನಿಂದ.

"ನಮ್ ಎಮ್ಮೆಗ್ ಗೊತ್ತಾದ್ರೆ ಒದೀತೈತೆ."

ಳ ಅಳಿಸಿ ಲ ಬರೆಯಲು ಒಂದು ಗಳಿಗೆ ಸಾಕಿತ್ತು. ನಾನು ಅದೇ ನೆಪದಲ್ಲಿ ವಾರವೆಲ್ಲ ಡೈರಿಗೆ ಹೋದೆ. ಮುಂದಿನ ಬೇಸಿಗೆಗೆ ಅವಳ ಜೊತೆ ಮದುವೆಯಾಯಿತು.

ನನಗೆ ಓದು ಕಲಿಸಿದವಳು, ಹಟ ಹಿಡಿದು ಎಸ್ಸೆಸ್ಸೆಲ್ಸಿ ಕಟ್ಟಿಸಿದವಳು ಅವಳೇ. "ಒತ್ತಕ್ಷರ ನುಂಗ್ಬುಡ್ತೀರಲ್ಲ, ಅದೇನ್ ಮುದ್ದೆನಾ?" ಎಂದು ಬೈಯುತ್ತಿದ್ದಳು.

ಹಾರೋಹಳ್ಳಿಯಲ್ಲಿ ಒಂದರ ಹಿಂದೊಂದು ಫ್ಯಾಕ್ಟರಿ ಎದ್ದವು. ಬೋರ್ಡ್ ಕೆಲಸ ಬರಬೇಕಿತ್ತು, ಬಂದದ್ದು ಫ್ಲೆಕ್ಸು. ನನ್ನ ಬ್ರಷ್ ಒಣಗಿತು, ಅವಳು ಫ್ಯಾಕ್ಟರಿ ಕೆಲಸಕ್ಕೆ ಬಸ್ಸು ಹತ್ತಿದಳು. ಸಂಜೆ ಬಂದಾಗ, "ಒಸಿ ಕೂತ್ಕೊ, ನಿನ್ನ ಚಿತ್ರ ಬರೀತೀನಿ" ಎಂದರೆ, "ನನ್ ಮಕ ಎಲ್ಲೂ ಓಡೋಗಲ್ಲ ಬುಡಿ" ಎಂದು ಒಲೆ ಹಚ್ಚುತ್ತಿದ್ದಳು.

ಅವಳಿಗೆ ಕಾಮಾಲೆ ಬಂತು. ನಾಟಿ ಔಷಧಿ ಆಯಿತು, ಆಸ್ಪತ್ರೆ ಆಯಿತು. ಉಳಿಯಲಿಲ್ಲ.

ತಿಥಿಗೆ ಅವಳ ತಮ್ಮ ಫ್ಲೆಕ್ಸ್ ಮಾಡಿಸಿಕೊಂಡು ಬಂದ. ಅದರಲ್ಲಿ ಅವಳ ಎಣ್ಣೆಗಪ್ಪು ಮುಖಕ್ಕೆ ಸುಣ್ಣ ಬಳಿದ ಹಾಗಿತ್ತು.

"ಯಾರ್ಲಾ ಇವಳು?"

"ಕಂಪ್ಯೂಟ್ರಲ್ಲಿ ಒಸಿ ಬೆಳ್ಳಗ್ ಮಾಡ್ಸಿವ್ನಿ ಭಾವ, ಚೆಂದಾಗ್ ಕಾಣ್ಲಿ ಅಂತ."

ಕಿತ್ತು ಬಿಸಾಡಿದೆ. ಅವಳ ಮುಖ ನಾನೇ ಬರೆಯುತ್ತೇನೆಂದು ಎಲ್ಲರ ಮುಂದೆ ಹೇಳಿಬಿಟ್ಟೆ.

ಬರಲಿಲ್ಲ. ತೀರಿಹೋದ ಎಷ್ಟೋ ಮಂದಿಯನ್ನು ಫೋಟೊ ನೋಡಿ ಬರೆದವನು ನಾನು. ಇವಳ ಫೋಟೊ ಮುಂದಿಟ್ಟುಕೊಂಡರೂ ಮೂಗು ಬರುತ್ತದೆ, ಹಣೆ ಬರುತ್ತದೆ, ಕೂಡಿಸಿದರೆ ಬೇರೆ ಯಾರೋ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುವುದು, ಮತ್ತೆ ಬರೆಯುವುದು. ಅವಳ ಮೇಲೇ ಸಿಟ್ಟು ಬರುತ್ತಿತ್ತು. ಒಂದು ಸಂಜೆ ಕೂತಿದ್ದರೆ ಗಂಟೇನು ಹೋಗುತ್ತಿತ್ತು?

ಒಂದು ದಿನ ಅತ್ತೆ ಬಂದು ಚಿತ್ರದ ಮುಂದೆ ನಿಂತರು.

"ಯಾರಪ್ಪ ಇವ್ಳು, ಮೆತ್ತಗೆ ನಗ್ತಾ ಕುಂತವ್ಳೆ? ನನ್ ಮಗ್ಳು ನಿಮ್ಮುಂದೆ ಯಾವತ್ತು ಬಾಯ್ ಮುಚ್ಕೊಂಡಿದ್ಲು?"

ಸತ್ತವರೆಲ್ಲ ನಗುತ್ತಿರಬೇಕೆಂದು ಗಿರಾಕಿಗಳು ಕೇಳುತ್ತಿದ್ದರು. ಕೈಗೆ ಅದೇ ಅಭ್ಯಾಸವಾಗಿತ್ತು. ನಗು ಒರೆಸಿದೆ. ತುಟಿ ಬಿಡಿಸಿದೆ, ಹುಬ್ಬು ಗಂಟು ಹಾಕಿಸಿದೆ. ಅಷ್ಟಕ್ಕೇ ಅರ್ಧ ಬಂದುಬಿಟ್ಟಳು.

"ಜಗಳಕ್ಕೆ ನಿಂತಂಗೈತೆ, ಇದ್ನ ಗೋಡೆಗ್ ಹೆಂಗ್ ಹಾಕದು ಭಾವ?" ಎಂದ ಅವಳ ತಮ್ಮ.

ಹಾಕಿದ್ದೇನೆ. ಆದರೆ ಕಣ್ಣು ಇನ್ನೂ ಅವಳದಲ್ಲ. ಬರೆಯುತ್ತೇನೆ, ಒರೆಸುತ್ತೇನೆ.

ನಿಮ್ಮವರ ಮುಖವೂ ಹೀಗೆ ಸಿಕ್ಕಂತಾಗಿ ಸಿಗದೆ ಸತಾಯಿಸಿದ್ದರೆ ದಯವಿಟ್ಟು ಬರೆಯಿರಿ. ಕಣ್ಣು ಹೇಗೆ ನೆನಪಿಗೆ ತಂದುಕೊಂಡಿರಿ ಎಂಬುದನ್ನೂ ತಿಳಿಸಿ.