ಬೂತಾಯಿಯ ಊಟ

ಮೊನ್ನೆ ಎಳ್ಳಮಾವಾಸ್ಯೆಗೆ ಗುಡೂರಿನ ಹೊಲದಲ್ಲಿ ಅತ್ತೆ ಬುತ್ತಿ ಬಿಚ್ಚಿದಾಗ ಹುಣಸೆ, ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿಯಿತು. ನನಗೆ ನೆನಪಾದದ್ದು ಸಮುದ್ರ. ನಗಬೇಡಿ, ಕಾರಣವಿದೆ.

ಹೋದ ವರ್ಷ ಹೆಂಡತಿ, ಅತ್ತೆಯನ್ನು ಕೂರಿಸಿಕೊಂಡು ಕಾರಿನಲ್ಲಿ ಕರಾವಳಿಗೆ ಹೊರಟಿದ್ದೆ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ನವನಗರ ದಾಟುವಷ್ಟರಲ್ಲಿ ಎರಡು ಸಲ ಮನೆಗೆ ತಿರುಗಿಸಿದವನು ನಾನು. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆತನ. ಹೊರಗಿನ ಊಟದ ಭಯಕ್ಕೆ ಡಿಕ್ಕಿಯ ತುಂಬ ಕಟಿ ರೊಟ್ಟಿ, ಶೇಂಗಾ ಚಟ್ನಿ, ಅಮೀನಗಡದ ಕರದಂಟು. ಇಷ್ಟೆಲ್ಲ ಯೋಚಿಸಿದವನು ದಾರಿ ಕೇಳುವುದನ್ನು ಮರೆತೆ. ಉಡುಪಿ ದಾಟಿ ಎಲ್ಲೋ ತಪ್ಪು ತಿರುವು ಹಿಡಿದು, ರಸ್ತೆಯೇ ಮುಗಿದುಹೋದ ಒಂದು ಮೀನುಗಾರರ ಊರಿನ ಮರಳಿನಲ್ಲಿ ಕಾರು ಹೂತುಕೊಂಡಿತು.

ಬಲೆ ಬಿಡಿಸುತ್ತ ಕುಳಿತಿದ್ದ ಗಿರಿಜಕ್ಕ ಎಂಬಾಕೆ ನಾಲ್ಕು ಜನರನ್ನು ಕೂಗಿ ಕಾರು ಎತ್ತಿಸಿದಳು. ಹೊರಡುತ್ತೇವೆಂದರೆ ಬಿಡಲಿಲ್ಲ.

"ಇವತ್ತು ಬೂತಾಯಿ ಉಂಟು ಮಾರಾಯ್ರೆ. ಊಟ ಮಾಡಿಯೇ ಹೋಗಬೇಕು."

ಅತ್ತೆಯ ಮುಖ ಅರಳಿತು. ನಮ್ಮ ಕಡೆ ಭೂತಾಯಿಯ ಊಟವೆಂದರೆ ಅಡುಗೆಯ ಚೂರುಗಳನ್ನು ಹೊಲದ ತುಂಬ ಎರಚಿ ಭೂಮಿತಾಯಿಗೆ ಚರಗ ಚೆಲ್ಲಿ, ಎಡೆ ಮುಟ್ಟಿಸಿ ಹೊಲದಲ್ಲೇ ಉಣ್ಣುವ ಹಬ್ಬದೂಟ. ಒಲ್ಲೆ ಎನ್ನುವಂತಿಲ್ಲ. ತಲೆ ತುಂಬ ಸೆರಗು ಹೊದ್ದು ಜಗಲಿಯ ಮೇಲೆ ಕುಳಿತೇಬಿಟ್ಟರು. ಹೋಳಿಗೆ ಮಾಡಿರಬಹುದೇ ಎಂದು ನನ್ನನ್ನು ಕೇಳಿದರು. ಹಸಿದಿದ್ದೆ, ಹೂಂ ಎಂದೆ.

ಬಾಳೆಲೆಗೆ ಬಿದ್ದ, ಹುಣಸೆ, ಮೆಣಸಿನಕಾಯಿಯ ಘಾಟಿನ ಕೆಂಪು ಸಾರಿನಲ್ಲಿ ಬಾಲ ಕಂಡಿತು. ಹೋಳಿಗೆಗೆ ಬಾಲವಿರುವುದಿಲ್ಲ. ಅಲ್ಲಿಯವರ ಬೂತಾಯಿ ಒಂದು ಮೀನು.

ಬೇಡವೆಂದರೆ ಕಾರೆತ್ತಿದ ಕೈಗಳಿಗೆ ಅವಮಾನ. ಉಂಡರೆ ಅತ್ತೆ ಜೀವಮಾನವಿಡೀ ನನ್ನನ್ನು ಬಿಡುವುದಿಲ್ಲ. ಅತ್ತೆಯ ಮುಖ ನೋಡಿದೆ. ಅತ್ತೆ ಎಲೆ ನೋಡಿದರು, ಸಮುದ್ರ ನೋಡಿದರು.

"ಸಮುದ್ರನ ಇವರ ಹೊಲ ರೀ. ಬೆಳದದ್ದ ಬಡಿಸ್ಯಾರ."

ಆಮೇಲೆ ಮೆಲ್ಲಗೆ ತಮ್ಮ ಎಲೆಯನ್ನು ನನ್ನತ್ತ ಸರಿಸಿದರು. "ನನಗ ಉಪಾಸ ಐತಿ ಅಂತ ಹೇಳತೇನಿ. ಮನಿ ಪರವಾಗಿ ನೀವು ಉಣ್ರಿ, ಅಳಿಯಾರ."

ಹೆಂಡತಿಗೂ ತಕ್ಷಣ ಉಪವಾಸ ನೆನಪಾಯಿತು.

ಮೊದಲನೆಯದನ್ನು ಕಣ್ಣು ಮುಚ್ಚಿ ಉಂಡೆ. ಎರಡನೆಯದಕ್ಕೆ ಕಣ್ಣು ತೆರೆದಿದ್ದೆ. ಅವರಿಬ್ಬರ ಪಾಲನ್ನೂ ಉಣ್ಣಲು ಯಾರೂ ನನ್ನನ್ನು ಒತ್ತಾಯ ಮಾಡಬೇಕಾಗಲಿಲ್ಲ. ಅತ್ತೆ ಗಿರಿಜಕ್ಕನ ಉಡಿಗೆ ಕರದಂಟಿನ ಡಬ್ಬಿ ಹಾಕಿದರು, ಒಂದು ರೊಟ್ಟಿ ಮುರಿದು ಅಲೆಗಳಿಗೆ ಚರಗ ಚೆಲ್ಲಿದರು. ಉಪವಾಸದವರಿಬ್ಬರೂ ಊರು ದಾಟಿದ ಮೇಲೆ ಉಳಿದ ರೊಟ್ಟಿ ಮುಗಿಸಿದರು.

ಮೊನ್ನೆ ಹೊಲದಲ್ಲಿ ಎಲ್ಲರೂ ಭೂತಾಯಿಗೆ ಕೈ ಮುಗಿದರು. ನಾನೂ ಭಕ್ತಿಯಿಂದಲೇ ಮುಗಿದೆ, ಸಮುದ್ರಕ್ಕೂ ಸೇರಿಸಿ. ಏನು ಮಾಡಲಿ, ಬಾಯಲ್ಲಿ ನೀರೂರಿತು. ಅತ್ತೆ ಪಕ್ಕಕ್ಕೆ ಬಂದು ನನಗಷ್ಟೇ ಕೇಳುವಂತೆ ಹೇಳಿದರು:

"ಮೊದಲ ಬಾಯಿ ಒರಸ್ಕೋರಿ."