ಅಗೊಂಗೊಸ್ ಎಂದಳು ನನ್ನ ಮಗಳು

ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ಉಡುಪಿಯಲ್ಲಿ ನಮ್ಮತ್ತೆ ಈ ತರಹದ ಕಥೆ ಶುರುಮಾಡಿದರೆ ಏನಾದರೂ ನೆಪ ಹೇಳಿ ಎದ್ದು ಹೋಗುತ್ತಿದ್ದೆ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ.

ಆಗ ಮಗಳು ಸಾನ್ವಿಗೆ ನಾಲ್ಕು ವರ್ಷ. ಚಳಿಗಾಲದ ರಜೆಯ ದಿನ, ಕೊಲ್ಲಿ ದೇಶದ ಅಲ್ ಬರ್ಷಾದಲ್ಲಿರುವ ನಮ್ಮ ಮನೆ ಹತ್ತಿರದ ಪಾರ್ಕಿಗೆ ಹೋಗಿದ್ದೆವು. ಚಾಪೆ ಹಾಸಿ ತಿರುಗುವಷ್ಟರಲ್ಲಿ ಮಗು ಇಲ್ಲ. ಪಾರ್ಕಿನ ನಡುವೆ ದೊಡ್ಡ ಕೊಳ. ಗಂಡ ಒಂದು ಕಡೆ, ನಾನೊಂದು ಕಡೆ ಓಡಿದೆವು. ನನ್ನ ಕಣ್ಣು ಮತ್ತೆ ಮತ್ತೆ ನೀರಿನ ಕಡೆಗೇ ಹೋಗುತ್ತಿತ್ತು.

ಕೊನೆಗೆ ಸಿಕ್ಕಿದಳು. ಕೊಳದ ಅಂಚಿನ ಮರದ ಬುಡದಲ್ಲಿ ಸುಮ್ಮನೆ ಕೂತಿದ್ದಳು. ಅವಳ ಒಂದು ಚಪ್ಪಲಿ ನೀರಿನಲ್ಲಿ ತೇಲುತ್ತಿತ್ತು. ಅವಳನ್ನು ತಬ್ಬಿಕೊಂಡು ಅಲ್ಲೇ ಕೂತೆ.

"ಚಪ್ಪಲಿ ತೆಗೀಲಿಕ್ಕೆ ಹೋಗ್ಲಿಲ್ವಾ ಮಗಾ?"

"ಅಗೊಂಗೊಸ್ ಸಿಟ್ ಅಂತು. ಸೋ ಐ ಸ್ಯಾಟ್."

ಬೆನ್ನ ಮೇಲೆ ಗೆರೆಯಿದ್ದ ಪುಟ್ಟ ಪ್ರಾಣಿಯಂತೆ ಅದು. ಅಳಿಲಾ ಎಂದರೆ ಅಲ್ಲವೆಂದು ತಲೆ ಅಲ್ಲಾಡಿಸಿದಳು. ಅದರ ಹೆಸರೇ ಅಗೊಂಗೊಸ್, ಅದೇ ಹೇಳಿತು ಎಂದಳು. ಮಗು ಸಿಕ್ಕಿದ ಖುಷಿಯಲ್ಲಿ ನಾವು ಅದನ್ನು ಅಲ್ಲಿಗೇ ಬಿಟ್ಟೆವು.

ಮರುವರ್ಷ ನಮ್ಮ ಮಹಡಿಗೆ ಕೆನಡಾದ ಟೀಚರೊಬ್ಬರು ಬಂದರು. ಅಲ್ಲಿನ ಮೂಲನಿವಾಸಿ ಒಜಿಬ್ವೆ ಜನಾಂಗದವರು. ಒಂದು ಸಂಜೆ ನಮ್ಮಲ್ಲಿ ಚಹಾ ಕುಡಿಯುತ್ತಿದ್ದಾಗ ಸಾನ್ವಿ ತಾನು ಬಿಡಿಸಿದ ಗೆರೆಬೆನ್ನಿನ ಪ್ರಾಣಿಯ ಚಿತ್ರ ತಂದು ತೋರಿಸಿ, ಹೆಸರು ಹೇಳಿದಳು. ಅವರು ಕಪ್ಪನ್ನು ಕೆಳಗಿಟ್ಟರು.

"ಈ ಶಬ್ದ ಇವಳಿಗೆ ಕಲಿಸಿದ್ದು ಯಾರು?" ಎಂದು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು.

ಅಲ್ಗಾಂಕಿಯನ್ ಭಾಷೆಗಳಲ್ಲೊಂದಾದ ಅವರ ನುಡಿಯಲ್ಲಿ ಅದು ಚಿಪ್‌ಮಂಕ್ ಎಂಬ, ಅಳಿಲಿನ ಜಾತಿಯ ಪ್ರಾಣಿಯ ಹೆಸರಂತೆ. ಕರಡಿಯ ಕೈಯಿಂದ ಕೂದಲೆಳೆಯಲ್ಲಿ ಪಾರಾದಾಗ ಉಗುರು ತಾಗಿ ಅದರ ಬೆನ್ನ ಮೇಲೆ ಗೆರೆ ಮೂಡಿತೆಂದು ಅವರ ಅಜ್ಜಿ ಕಥೆ ಹೇಳುತ್ತಿದ್ದರಂತೆ. ಅಜ್ಜಿ ಹೋದ ಮೇಲೆ ಆ ಶಬ್ದ ಕಿವಿಗೆ ಬಿದ್ದದ್ದು ಅದೇ ಮೊದಲು ಎನ್ನುವಾಗ ಅವರ ಕಣ್ಣು ತುಂಬಿತ್ತು.

ಮಗಳು ನೋಡುವ ಕಾರ್ಟೂನುಗಳಲ್ಲಿ ಹುಡುಕಿದೆ, ನರ್ಸರಿಯಲ್ಲಿ ವಿಚಾರಿಸಿದೆ. ಎಲ್ಲೂ ಸಿಗಲಿಲ್ಲ. ಸಾನ್ವಿಗೆ ಈಗ ಆ ದಿನವೇ ನೆನಪಿಲ್ಲ. ಎಲ್ಲೋ ಕೇಳಿರಬೇಕು ಬಿಡು ಎನ್ನುತ್ತಾರೆ ನನ್ನ ಗಂಡ. ಇರಬಹುದು. ಆದರೆ ನೀರಿನ ಅಂಚಿನಲ್ಲಿ ಯಾರೋ ಅವಳನ್ನು ಕೂರಿಸಿದರಲ್ಲ, ಅಷ್ಟು ಸಾಕು ನನಗೆ. ಅವರಿಗೆ ಕೈಮುಗಿಯಲು ಯಾವ ದಿಕ್ಕಿಗೆ ತಿರುಗಬೇಕೆಂಬುದು ಮಾತ್ರ ಇವತ್ತಿಗೂ ತಿಳಿದಿಲ್ಲ.