ಕೇಳದೆ ಬರೆದದ್ದು

ಮೊಣಕೈವರೆಗೆ ಜೋಳದ ಹಿಟ್ಟು ಮೆತ್ತಿಕೊಂಡ ಎರಡು ಕೈ, ಒಂದು ಮಂಡಿ ಮೇಲೆ ಮಾಡಿ ಕೂತ ಭಂಗಿ, ಕಣ್ಣು ಮಾತ್ರ ಬಾಗಿಲ ಮೇಲೆ. ರೊಟ್ಟಿ ಬಡಿಯುವಾಗ ಅವರು ಹಿಟ್ಟನ್ನು ನೋಡುತ್ತಲೇ ಇರಲಿಲ್ಲ. ಬಾಗಿಲಿಗೆ ಬೆನ್ನು ಮಾಡಿ ಕೂತದ್ದನ್ನು ಆರು ವರ್ಷಗಳಲ್ಲಿ ನಾನು ಒಂದು ದಿನವೂ ಕಂಡಿಲ್ಲ. ಅಡುಗೆಮನೆಯಲ್ಲಿ ಒಲೆಗೆ ಕಟ್ಟೆ ಕಟ್ಟಿಸಿಕೊಟ್ಟಾಗ, ಅಲ್ಲಿ ನಿಂತರೆ ಮುಖ ಗೋಡೆಗೆ ಬರುತ್ತದೆಂದು ಒಲೆಯನ್ನು ಮತ್ತೆ ನೆಲಕ್ಕೆ ಇಳಿಸಿಕೊಂಡಿದ್ದರು.

ನಾವೆಲ್ಲ ಅವರನ್ನು ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಹುಮನಾಬಾದಿನಿಂದ ಮಾಣಿಕನಗರದ ಕಡೆ ಹೋಗುವಾಗ ಒಂದು ಒಳಗಲ್ಲಿಯ ಬಾಡಿಗೆ ಮನೆಯಲ್ಲಿ ನಮ್ಮ ಆಶ್ರಯಧಾಮವಿತ್ತು. ಕೆಲಸ ಕೊಡಿಸುತ್ತೇವೆ, ಮದುವೆ ಮಾಡಿಸುತ್ತೇವೆ ಎಂದು ನಂಬಿಸಿ ದೂರದ ಊರುಗಳಿಗೆ ಕರೆದೊಯ್ದು ಮಾರಿಬಿಟ್ಟಿದ್ದ ಹೆಣ್ಣುಮಕ್ಕಳನ್ನು ಪೊಲೀಸರು ಬಿಡಿಸಿ ತಂದಾಗ ಅವರು ಉಳಿದುಕೊಳ್ಳುವ ಜಾಗ ಅದು. ಮನೆಬಾಡಿಗೆ, ಊಟ, ಔಷಧ, ಹೊಲಿಗೆ ಕಲಿಸುವವರ ಸಂಬಳ ಎಲ್ಲವೂ ಸರ್ಕಾರದ ಅನುದಾನದಿಂದಲೇ ನಡೆಯಬೇಕು. ಆ ಅನುದಾನದ ಅರ್ಜಿ, ವರದಿಗಳನ್ನು ಬರೆಯುವುದು ನನ್ನ ಕೆಲಸ. ಅಡುಗೆ ಮೌಶಿಯದು. ಅವರೂ ಬಹಳ ವರ್ಷಗಳ ಹಿಂದೆ ಹಾಗೆಯೇ ಬಿಡುಗಡೆಯಾಗಿ ಬಂದವರು.

ಹೊಸ ಹುಡುಗಿ ಬಂದ ದಿನ ನಮ್ಮಲ್ಲಿ ಮೊದಲು ಆಗಬೇಕಾದದ್ದು ದಾಖಲಾತಿ. ಹೆಸರು, ಊರು, ವಯಸ್ಸು, ಕರೆದೊಯ್ದವನು ಯಾರು. ನಾನು ರಿಜಿಸ್ಟರ್ ತೆರೆಯುವಷ್ಟರಲ್ಲಿ ಮೌಶಿ ಆ ಹುಡುಗಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿರುತ್ತಿದ್ದರು. ತಟ್ಟೆಗೆ ಬಿಸಿ ರೊಟ್ಟಿ, ಪುಂಡಿ ಪಲ್ಯ ಹಾಕಿ, "ಮದಲ ಉಣ್ಣು. ಹೆಸರ ನಾಳಿ ಹೇಳೀಯಂತ" ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಕೋಣೆಗಳ ಚಿಲಕವನ್ನೆಲ್ಲ ಒಳಗಿನಿಂದ ಹಾಕುವಂತೆ ಬದಲಾಯಿಸಿದ್ದೂ ಅವರೇ. ತಪಾಸಣೆಗೆ ಬಂದ ಅಧಿಕಾರಿ ಹೀಗೇಕೆ ಎಂದು ಕೇಳಿದರು. ಮೌಶಿ ಸೆರಗು ಸರಿಮಾಡಿಕೊಂಡು, "ಹೊರಗಿಂದ ಹಾಕಿದ ಚಿಲಕ ಈ ಹುಡುಗ್ಯಾರು ಭಾಳ ನೋಡ್ಯಾರ್ರಿ ಸಾಹೇಬ್ರ" ಎಂದರು. ಅಧಿಕಾರಿ ಮುಂದಿನ ಕೋಣೆಗೆ ನಡೆದರು.

ಬಸವಕಲ್ಯಾಣ ತಾಲ್ಲೂಕಿನ ಒಂದು ಹಳ್ಳಿ ಅವರದು. ಅಲ್ಲಿ ಅವರ ತಾಯಿ, ಅಣ್ಣನ ಮನೆಯಲ್ಲಿದ್ದರು. ಮಗಳು ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ ಎಂದಷ್ಟೇ ಊರಿಗೆ ಗೊತ್ತಿತ್ತು. ಪ್ರತಿ ಅಮಾವಾಸ್ಯೆಗೆ ಮೌಶಿ ಒಂದು ಶೀಶೆ ಕೊಬ್ಬರಿ ಎಣ್ಣೆ ತಗೊಂಡು ಬಸ್ಸು ಹತ್ತುತ್ತಿದ್ದರು. ತಾಯಿಯ ತಲೆಗೆ ಎಣ್ಣೆ ಹಚ್ಚಿ, ಸ್ನಾನ ಮಾಡಿಸಿ, ಒಂದು ರಾತ್ರಿ ಇದ್ದು ಬರುತ್ತಿದ್ದರು. ಬಂದ ದಿನ ಅವರ ಮಾತು ಸ್ವಲ್ಪ ಹೆಚ್ಚಾಗಿರುತ್ತಿತ್ತು.

ನನ್ನ ಗಂಡ ಇನ್ನೊಬ್ಬಳೊಂದಿಗೆ ಬೇರೆ ಮನೆ ಮಾಡಿದ್ದಾನೆಂದು ತಿಳಿದ ವಾರ, ಕಚೇರಿಯಲ್ಲಿ ಕೂರಲಾಗದೆ ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಮೌಶಿ ಸಮಾಧಾನದ ಮಾತು ಆಡಲಿಲ್ಲ. ಸೊಪ್ಪು ಬಿಡಿಸುತ್ತ ತಮ್ಮ ಕಥೆಯನ್ನು ಹೇಳಿದರು. ಹದಿನಾರನೇ ವಯಸ್ಸಿನಿಂದ ಹಿಡಿದು, ಅಲ್ಲಲ್ಲಿ ಕೆಲವನ್ನು ಬಿಟ್ಟು, ಎಲ್ಲೂ ಅಳದೆ. ಕೊನೆಗೆ, "ಯಾರಿಗೂ ಹೇಳಿಲ್ರಿ ಮೇಡಂ. ನಿಮಗಂತ ಹೇಳೀನಿ. ಬದುಕಾಕ ಬರ್ತದ ಅನ್ನೂದು ನಿಮಗ ಗೊತ್ತಾಗ್ಲಿ ಅಂತ" ಎಂದರು.

ಆ ವರ್ಷ ಅನುದಾನ ಮುಂದುವರಿಯುವುದೇ ಅನುಮಾನವಾಗಿತ್ತು. ಹೊಸ ಅರ್ಜಿಯ ನಮೂನೆಯಲ್ಲಿ 'ಯಶೋಗಾಥೆ' ಎಂಬ ಒಂದು ಪುಟವಿತ್ತು. ಧಾಮದಿಂದ ಒಬ್ಬ ಮಹಿಳೆಯ ಬದುಕು ಹೇಗೆ ಬದಲಾಯಿತು ಎಂದು ಬರೆಯಬೇಕು. ನಾನು ಮೌಶಿಯ ಕಥೆ ಬರೆದೆ. ಹೆಸರು ಬದಲಿಸಿದೆ. ಊರಿನ ಹೆಸರು ಇದ್ದರೆ ನಿಜವೆನಿಸುತ್ತದೆ ಎಂದು ಹಾಗೇ ಬಿಟ್ಟೆ. ಅವರ ಮೈಮೇಲಿನ ಒಂದು ಗುರುತನ್ನೂ ಬರೆದೆ. ಅದೇನೆಂದು ಇಲ್ಲಿ ಬರೆಯುವುದಿಲ್ಲ. ಅವರು ನಡುನಡುವೆ ಹೇಳದೆ ಬಿಟ್ಟಿದ್ದ ಜಾಗಗಳನ್ನು ನಾನೇ ತುಂಬಿದೆ. ಎರಡು ಮೂರು ಸಲ ತಿದ್ದಿದೆ. ಚೆನ್ನಾಗಿ ಬಂದಿದೆ ಎಂದು ಖುಷಿಪಟ್ಟೆ. ಅಡುಗೆಮನೆ ಹತ್ತು ಹೆಜ್ಜೆ ದೂರದಲ್ಲಿತ್ತು. ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ ಎಂದರೆ ಅದು ಸುಳ್ಳು. ಹೊಳೆಯಿತು. ಬೇಡ ಎಂದುಬಿಟ್ಟರೆ ಏನು ಮಾಡುವುದು ಎಂದು ಕೇಳಲಿಲ್ಲ.

ಅನುದಾನ ಮಂಜೂರಾಯಿತು. ಬರಹವನ್ನು ಮೇಲಿನವರು ಮೆಚ್ಚಿದರು. ಜಾಗೃತಿಗಾಗಿ ಒಂದು ಕಿರುಪುಸ್ತಕ ಮಾಡಿ, ಅದರಲ್ಲಿ ನನ್ನ ಪುಟವನ್ನೂ ಸೇರಿಸಿ ಗ್ರಾಮ ಪಂಚಾಯಿತಿಗಳಿಗೆ ಕಳಿಸಿದರು. ನಾನು ಒಂದು ಪ್ರತಿಯನ್ನು ಮನೆಗೂ ಒಯ್ದಿದ್ದೆ.

ಮುಂದಿನ ಅಮಾವಾಸ್ಯೆಗೆ ಊರಿಗೆ ಹೋದ ಮೌಶಿ ಅದೇ ದಿನ ಮಧ್ಯಾಹ್ನ ವಾಪಸು ಬಂದರು. ಎಣ್ಣೆಯ ಶೀಶೆ ಚೀಲದಲ್ಲೇ ಇತ್ತು. ಬಸ್ಸು ಇಳಿದಲ್ಲೇ ಅಣ್ಣ ನಿಂತಿದ್ದನಂತೆ. ಮನೆಗೆ ಬರಬೇಡ ಎಂದು, ಆ ಕಿರುಪುಸ್ತಕವನ್ನು ಕೈಗಿಟ್ಟು ಕಳಿಸಿದ್ದ. ಪಂಚಾಯಿತಿ ಕಟ್ಟೆಯ ಮೇಲೆ ಯಾರೋ ಅದನ್ನು ಗಟ್ಟಿಯಾಗಿ ಓದಿದ್ದರು.

ಮೌಶಿ ಅದನ್ನು ನನ್ನ ಮೇಜಿನ ಮೇಲಿಟ್ಟರು. "ಬಸ್ಸಿನ್ಯಾಗ ಒಬ್ಬ ಹುಡುಗಿ ಕಡಿಂದ ಓದಿಸಿದ್ನಿ. ಹೆಸರ ಬದ್ಲಿ ಮಾಡೀರಿ. ಉಳದದ್ದೆಲ್ಲ ನಂದೇ ಅದ."

ನಾನು ಆಗ ಆಡಿದ ಮಾತು ನೆನಪಾದರೆ ಈಗಲೂ ಮುಖ ಎತ್ತಲಾಗುವುದಿಲ್ಲ. "ಅನುದಾನ ನಿಂತುಹೋಗ್ತಿತ್ತು ಮೌಶಿ. ಈ ಹುಡುಗ್ಯಾರೆಲ್ಲ ಎಲ್ಲಿಗೆ ಹೋಗ್ಬೇಕಿತ್ತು ಹೇಳ್ರಿ" ಎಂದೆ. ದನಿಯೂ ಸ್ವಲ್ಪ ಏರಿತ್ತು.

ಅವರು ನನ್ನನ್ನೇ ನೋಡಿದರು. "ಹಂಗಂತ ಕೇಳಿದ್ರ ನಾನೇ ಬರೀರಿ ಅಂತಿದ್ನೋ ಏನೋ. ನೀವು ಕೇಳಲಿಲ್ಲ." ಅಷ್ಟು ಹೇಳಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು.

ಮರುವರ್ಷ ಅವರ ತಾಯಿ ತೀರಿಕೊಂಡರು. ಮಣ್ಣಾಗಿ ಹದಿನೈದು ದಿನದ ಮೇಲೆ, ಸಂತೆಯಲ್ಲಿ ಸಿಕ್ಕ ಊರಿನವಳೊಬ್ಬಳಿಂದ ಮೌಶಿಗೆ ಸುದ್ದಿ ತಿಳಿಯಿತು. ಮೌಶಿ ಆ ತಿಂಗಳು ಮುಗಿದ ಮೇಲೆ ಕೆಲಸ ಬಿಟ್ಟು ಬಸವಕಲ್ಯಾಣಕ್ಕೆ ಹೋಗಿ, ಒಂದು ಕೋಣೆ ಹಿಡಿದು, ಖಾನಾವಳಿಗಳಿಗೆ ರೊಟ್ಟಿ ಮಾಡಿಕೊಡಲು ಶುರುಮಾಡಿದರು.

ಈಗ, ಈ ಬರಹಕ್ಕೆ ಕೂರುವ ಮೊದಲು, ಅವರನ್ನು ಕೇಳಿದೆ. "ನಿಮ್ಮ ತಪ್ಪ ಬರೀರಿ. ನನ್ನ ಕಥಿ ಬ್ಯಾಡ" ಎಂದರು. ಅದಕ್ಕೇ ಅವರಿಗೆ ಏನಾಗಿತ್ತೆಂದು ಇಲ್ಲಿ ಹೇಳಿಲ್ಲ.

ಆಗ ಅವರು ಧಾಮ ಬಿಟ್ಟು ಹೋದ ಮೇಲೆ ಎರಡು ವರ್ಷ ನಾನು ಬಸವಕಲ್ಯಾಣದ ಕಡೆ ತಲೆ ಹಾಕಿರಲಿಲ್ಲ. ಕೊನೆಗೆ ಹೋದದ್ದೂ ಕ್ಷಮೆ ಕೇಳಲು ಅಲ್ಲ, ನನ್ನ ಗರಜಿಗೆ. ಯೋಜನೆಯ ನಿಯಮದಂತೆ ಧಾಮದಲ್ಲಿ ಒಬ್ಬರು ಇಂತಿಷ್ಟು ತಿಂಗಳು ಮಾತ್ರ ಇರಬಹುದು. ಅವಧಿ ಮುಗಿದ ಹುಡುಗಿಯೊಬ್ಬಳಿಗೆ ಹೋಗಲು ಮನೆಯಿರಲಿಲ್ಲ. ಇನ್ನೊಂದು ಧಾಮದಲ್ಲಿ ಜಾಗವಿರಲಿಲ್ಲ. ಅವಳನ್ನು ಕರೆದುಕೊಂಡು, ಅವಳ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಮೌಶಿಯ ಬಾಗಿಲಿಗೆ ಹೋಗಿ ನಿಂತೆ.

ಅವರು ಒಳಗೆ ಕರೆದರು, ನೀರು ಕೊಟ್ಟರು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಎತ್ತಿ ತಡೆದರು.

"ತಪ್ಪಾಯ್ತು ಅಂತ ಅನ್ಬ್ಯಾಡ್ರಿ ಮೇಡಂ. ನೀವು ಹಂಗ ಅಂದ್ರ ನಾ ಹೋಗ್ಲಿ ಬಿಡ್ರಿ ಅನ್ಬೇಕಾಗ್ತದ. ಖರೇ ಹೇಳ್ತೀನಿ, ನನಗ ಅದು ಬರವಲ್ದು."

ನಾನು ತಲೆ ತಗ್ಗಿಸಿ, ಬಂದ ಕಾರಣ ಹೇಳಿದೆ. ಅವರು ಹುಡುಗಿಯ ಚೀಲವನ್ನು ಇಸಿದುಕೊಂಡು ಮೂಲೆಯಲ್ಲಿಟ್ಟರು. ನಾನು ಫೈಲು ಮುಂದೆ ಚಾಚಿದೆ. ಇವಳ ವಿಷಯ ತಿಳಿದಿರಲಿ ಎಂದು.

"ಹುಡುಗೀನ್ನ ಬಿಟ್ಟು ಹೋಗ್ರಿ," ಎಂದರು ಮೌಶಿ. "ಅದನ್ನ ತಗೊಂಡು ಹೋಗ್ರಿ."

ಹುಮನಾಬಾದಿನ ಬಸ್ಸಿನಲ್ಲಿ ಆ ಫೈಲು ನನ್ನ ತೊಡೆಯ ಮೇಲಿತ್ತು. ಹುಡುಗಿಯ ಊರು, ತಂದೆಯ ಹೆಸರು, ಯಾರು ಮಾರಿದರು, ಎಷ್ಟು ದಿನ ಎಲ್ಲಿದ್ದಳು, ಎಲ್ಲವೂ ನನ್ನದೇ ದುಂಡು ಅಕ್ಷರದಲ್ಲಿತ್ತು. ಪಕ್ಕದಲ್ಲಿ ಕೂತ ಹೆಂಗಸು ಬಗ್ಗಿ ನೋಡತೊಡಗಿದಳು. ಊರು ಮುಟ್ಟುವವರೆಗೂ ಅದರ ಮೇಲೆ ಎರಡೂ ಕೈ ಮುಚ್ಚಿಕೊಂಡು ಕೂತೆ.